ಬಂದ ಕನೆಕ್ಷನ್ ಕೈತಪ್ಪದಂತೆ ಸರ್ವರ್ ರೀಸ್ಟಾರ್ಟ್: ಯಾವ ವಿಧಾನ ಯಾರಿಗೆ?

ಹಳೆಯ ಪ್ರಾಸೆಸ್ ನಿಲ್ಲಿಸಿ ಹೊಸದನ್ನು ಎಬ್ಬಿಸುವುದು ಎರಡು ಕಮಾಂಡಿನ ಕೆಲಸ. ತೊಂದರೆ ಇರುವುದು ಆ ಎರಡರ ನಡುವೆ. ಪೋರ್ಟಿನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲದಾಗ ಬಂದ ಪ್ರತಿ ಎಸ್‌ವೈಎನ್ ಪ್ಯಾಕೆಟ್‌ಗೂ (ಕನೆಕ್ಷನ್ ಕೋರುವ ಮೊದಲ ಸಂದೇಶ) ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ತಕ್ಷಣ ಆರ್‌ಎಸ್‌ಟಿ (ಕನೆಕ್ಷನ್ ಕಡಿಯುವ ಸಂದೇಶ) ಕಳಿಸುತ್ತದೆ, ಬಳಕೆದಾರರಿಗೆ ‘ಕನೆಕ್ಷನ್ ರೆಫ್ಯೂಸ್ಡ್’ ಕಾಣುತ್ತದೆ. ಸೆಕೆಂಡಿಗೆ 2,000 ಹೊಸ ಕನೆಕ್ಷನ್ ಬರುವ ಸರ್ವರ್ ಅರ್ಧ ಸೆಕೆಂಡ್ ಮಾಯವಾದರೆ 1,000 ಮಂದಿಗೆ ಎರರ್. ಇದನ್ನು ತಪ್ಪಿಸಲು ಐದು ದಾರಿಗಳಿವೆ. ಎಲ್ಲವೂ ‘ಜೀರೋ ಡೌನ್‌ಟೈಮ್’ ಎಂದೇ ಹೇಳಿಕೊಳ್ಳುತ್ತವೆ, ಆದರೆ ಕೈಕೊಡುವ ಜಾಗ ಒಂದೊಂದರದ್ದು ಒಂದೊಂದು. ಕೆಳಗಿನ ವಿವರಗಳು ಮುಖ್ಯವಾಗಿ ಲಿನಕ್ಸ್ ಮತ್ತು ಟಿಸಿಪಿಗೆ ಸಂಬಂಧಿಸಿದವು.

ಮೊದಲು ಕರ್ನಲ್ ಒಳಗೆ ಆಗುವುದೇನು

ಟಿಸಿಪಿ ಹ್ಯಾಂಡ್‌ಶೇಕ್ ಮುಗಿಸುವುದು ನಿಮ್ಮ ಪ್ರೋಗ್ರಾಂ ಅಲ್ಲ, ಕರ್ನಲ್. ಮೂರು ಪ್ಯಾಕೆಟ್‌ಗಳ ವಿನಿಮಯ ಮುಗಿದ ಕನೆಕ್ಷನ್ ಲಿಸನಿಂಗ್ ಸಾಕೆಟ್ಟಿನ (ಪೋರ್ಟಿನಲ್ಲಿ ಹೊಸ ಕನೆಕ್ಷನ್‌ಗೆ ಕಾಯುವ ಬಾಗಿಲು) ಆಕ್ಸೆಪ್ಟ್ ಕ್ಯೂನಲ್ಲಿ ಕೂರುತ್ತದೆ. ನಿಮ್ಮ ಕೋಡ್ ಆಕ್ಸೆಪ್ಟ್ ಕರೆಯುವ ಮೊದಲೇ ಆಚೆಯವರ ಲೆಕ್ಕದಲ್ಲಿ ಕನೆಕ್ಷನ್ ಸಿಕ್ಕಾಗಿದೆ, ಎಷ್ಟೋ ಸಲ ರಿಕ್ವೆಸ್ಟ್ ಕೂಡ ಹೊರಟಾಗಿದೆ. ಈ ಹಂತದಲ್ಲಿ ಲಿಸನಿಂಗ್ ಸಾಕೆಟ್ ಮುಚ್ಚಿದರೆ ಕ್ಯೂನಲ್ಲಿ ಕುಳಿತವರಿಗೆಲ್ಲ ಆರ್‌ಎಸ್‌ಟಿ ಹೋಗುತ್ತದೆ. ‘ಕೈಯಲ್ಲಿದ್ದ ರಿಕ್ವೆಸ್ಟ್‌ಗಳನ್ನೆಲ್ಲ ಮುಗಿಸಿಯೇ ನಿಂತೆವು, ಆದರೂ ಎರರ್ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಬಹುತೇಕ ಸಲ ಇದೇ. ಕೈಗೆ ಬಂದೇ ಇರದವರು ಕ್ಯೂನಲ್ಲಿದ್ದರು.

ಸಮಾಧಾನದ ಸಂಗತಿಯೆಂದರೆ ಈ ಕ್ಯೂ ಪ್ರಾಸೆಸ್ಸಿನದ್ದಲ್ಲ, ಸಾಕೆಟ್ಟಿನದ್ದು. ಆ ಸಾಕೆಟ್ಟನ್ನು ಹಿಡಿದ ಕೊನೆಯ ಫೈಲ್ ಡಿಸ್ಕ್ರಿಪ್ಟರ್ (ಪ್ರಾಸೆಸ್ ಬಳಿಯಿರುವ ಹಿಡಿಕೆಯ ಸಂಖ್ಯೆ) ಮುಚ್ಚುವವರೆಗೂ ಕ್ಯೂ ಜೀವಂತ. ಹಾಗಾಗಿ ಯಾವ ವಿಧಾನದ ಹೆಸರು ಕೇಳಿದರೂ ಮೊದಲು ಕೇಳಬೇಕಾದದ್ದು ಒಂದೇ: ಕೋಡ್ ಬದಲಾಗುವ ಹೊತ್ತಿನಲ್ಲಿ ಸಾಕೆಟ್ ಯಾರ ಕೈಯಲ್ಲಿರುತ್ತದೆ?

ಕ್ಯೂಗೂ ಮಿತಿಯಿದೆ. ಲಿಸನ್ ಕರೆಗೆ ಕೊಟ್ಟ ಬ್ಯಾಕ್‌ಲಾಗ್ ಮತ್ತು ಸೋಮ್ಯಾಕ್ಸ್‌ಕಾನ್ ಎಂಬ ಕರ್ನಲ್ ಸೆಟ್ಟಿಂಗ್, ಇವೆರಡರಲ್ಲಿ ಚಿಕ್ಕದೇ ಮಿತಿ. ಸೋಮ್ಯಾಕ್ಸ್‌ಕಾನ್ ಲಿನಕ್ಸ್ 5.4ಕ್ಕೂ ಮೊದಲು 128 ಇತ್ತು, ಆಮೇಲೆ 4,096 ಆಯಿತು. ಕ್ಯೂ ತುಂಬಿದರೆ ಕರ್ನಲ್ ಎರರ್ ಕೊಡುವುದಿಲ್ಲ, ಎಸ್‌ವೈಎನ್ ಅನ್ನು ಸದ್ದಿಲ್ಲದೆ ಬಿಸಾಡುತ್ತದೆ. ಕ್ಲೈಂಟ್ 1 ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ, ಆಮೇಲೆ ಇನ್ನೂ 2 ಸೆಕೆಂಡ್ ಕಾಯುತ್ತದೆ (ಲಿನಕ್ಸ್ 6.5ರಿಂದೀಚಿನ ಕ್ಲೈಂಟ್ ಮೊದಮೊದಲು 1 ಸೆಕೆಂಡಿಗೊಮ್ಮೆ ಕಳಿಸುತ್ತದೆ). ಅಂದರೆ ಸಾಕೆಟ್ ಮುಚ್ಚಿದ್ದರೆ ಎರರ್ ಬರುತ್ತದೆ, ಕ್ಯೂ ತುಂಬಿದ್ದರೆ ಬರಿಯ ನಿಧಾನ ಕಾಣುತ್ತದೆ.

ಸಿಸ್ಟಮ್‌ಡಿ ಸಾಕೆಟ್ ಆಕ್ಟಿವೇಶನ್

ಸಿಸ್ಟಮ್‌ಡಿ ಎಂದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಂ. ಇಲ್ಲಿ ಸಾಕೆಟ್ ನಿಮ್ಮ ಪ್ರೋಗ್ರಾಮಿನದ್ದೇ ಅಲ್ಲ. ಸರ್ವಿಸ್ ಯೂನಿಟ್ (ಸಿಸ್ಟಮ್‌ಡಿಯ ಕಾನ್ಫಿಗರೇಶನ್ ಫೈಲ್) ಜೊತೆಗೊಂದು ಸಾಕೆಟ್ ಯೂನಿಟ್ ಬರೆದು, ಅದರಲ್ಲಿ ‘ಲಿಸನ್‌ಸ್ಟ್ರೀಮ್=8080’ ಎಂದು ಹಾಕಿದರೆ ಬೈಂಡ್, ಲಿಸನ್ ಎರಡನ್ನೂ ಸಿಸ್ಟಮ್‌ಡಿ ಮಾಡಿ ಡಿಸ್ಕ್ರಿಪ್ಟರ್ ಅನ್ನು ನಿಮಗೆ ಕೊಡುತ್ತದೆ. ಮೊದಲ ಡಿಸ್ಕ್ರಿಪ್ಟರ್ ಸಂಖ್ಯೆ ಯಾವಾಗಲೂ 3. ಎಷ್ಟು ಬಂದಿವೆ ಎಂಬುದು ‘ಲಿಸನ್_ಎಫ್‌ಡಿಎಸ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ, ಯಾರಿಗೆ ಬಂದಿವೆ ಎಂಬುದು ‘ಲಿಸನ್_ಪಿಐಡಿ’ಯಲ್ಲಿ ಇರುತ್ತದೆ. ಕೋಡಿನಲ್ಲಿ ಇಪ್ಪತ್ತು ಸಾಲಿನ ಬದಲಾವಣೆ ಸಾಕು. ಇನ್ನೊಂದು ಲಾಭ, 1024ಕ್ಕಿಂತ ಕೆಳಗಿನ ಪೋರ್ಟ್ ಆದರೂ ಪ್ರೋಗ್ರಾಮಿಗೆ ರೂಟ್ ಹಕ್ಕು ಬೇಡ.

ಸರ್ವಿಸ್ ರೀಸ್ಟಾರ್ಟ್ ಆಗುವಾಗ ಬಂದವರು ಕ್ಯೂನಲ್ಲಿ ಕಾಯುತ್ತಾರೆ. ಹೊಸ ಪ್ರಾಸೆಸ್ ಎದ್ದು ಆಕ್ಸೆಪ್ಟ್ ಶುರು ಮಾಡಿದ ಕೂಡಲೇ ಅವರೆಲ್ಲ ಒಳಗೆ. ಎರರ್ ಸೊನ್ನೆ.

ಆದರೆ ಕಾಯುವ ಹೊತ್ತು ಎಷ್ಟೆಂದು ಲೆಕ್ಕ ಹಾಕಿ. ರೀಸ್ಟಾರ್ಟ್ ಎಂದರೆ ಹಳೆಯದು ಪೂರ್ತಿ ನಿಂತ ಮೇಲೆಯೇ ಹೊಸದು ಶುರು. ಹಳೆಯದು ಸಿಗ್‌ಟರ್ಮ್ (‘ನಿಲ್ಲು’ ಎಂಬ ಸಿಗ್ನಲ್) ಪಡೆದು, ಕೈಯಲ್ಲಿದ್ದ ರಿಕ್ವೆಸ್ಟ್‌ಗಳನ್ನು ಮುಗಿಸುವವರೆಗೆ ಹೊಸಬರನ್ನು ಯಾರೂ ಒಳಗೆ ಕರೆಯುವುದಿಲ್ಲ. ಹಳೆಯದು ಮುಗಿಯಲು ಬೇಕಾದ ಸಮಯಕ್ಕೆ ಹೊಸದು ಏಳುವ ಸಮಯ ಕೂಡಿಸಿದರೆ ಬರುವ ಮೊತ್ತವೇ ಹೊಸಬರ ಕಾಯುವಿಕೆ. ರಿಕ್ವೆಸ್ಟ್ 200 ಮಿಲಿಸೆಕೆಂಡಿನದ್ದಾಗಿ, ಪ್ರೋಗ್ರಾಂ 1 ಸೆಕೆಂಡಿನಲ್ಲಿ ಏಳುವುದಾದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಒಂದೇ ಒಂದು ದೊಡ್ಡ ಡೌನ್‌ಲೋಡ್ ನಡೆಯುತ್ತಿದ್ದರೆ ಸ್ಟಾಪ್ ಟೈಮ್‌ಔಟ್ ಮುಗಿಯುವವರೆಗೂ, ಡೀಫಾಲ್ಟ್ 90 ಸೆಕೆಂಡ್, ಎಲ್ಲರೂ ಬಾಗಿಲಲ್ಲಿ. ಸೆಕೆಂಡಿಗೆ 2,000 ಕನೆಕ್ಷನ್ ಇದ್ದರೆ 4,096ರ ಕ್ಯೂ ಎರಡು ಸೆಕೆಂಡಿಗೆಲ್ಲ ತುಂಬುತ್ತದೆ. ಹಾಗಾಗಿ ಚಿಕ್ಕ ರಿಕ್ವೆಸ್ಟ್, ಚುರುಕಾಗಿ ಏಳುವ ಪ್ರೋಗ್ರಾಂ, ಈ ಎರಡೂ ಇದ್ದ ಕಡೆ ಇದನ್ನು ಮೀರಿಸುವ ವಿಧಾನ ಇಲ್ಲ. ನಿಮಿಷಗಟ್ಟಲೆ ಕ್ಯಾಶ್ ತುಂಬಿಸಿಕೊಂಡು ಏಳುವ ಸರ್ವರ್‌ಗೆ ಇದು ಹೇಳಿದ್ದಲ್ಲ.

ಎಡವುವ ಜಾಗ ಮೂರು. ರೀಸ್ಟಾರ್ಟ್ ಮಾಡಬೇಕಾದದ್ದು ಸರ್ವಿಸ್ ಯೂನಿಟ್ ಮಾತ್ರ. ಸಾಕೆಟ್ ಯೂನಿಟ್ಟನ್ನೂ ಸೇರಿಸಿ ರೀಸ್ಟಾರ್ಟ್ ಮಾಡುವ ಡಿಪ್ಲಾಯ್ ಸ್ಕ್ರಿಪ್ಟ್ ಇದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಎರಡನೆಯದು, ಪ್ರೋಗ್ರಾಮನ್ನು ಶೆಲ್ ಸ್ಕ್ರಿಪ್ಟಿನೊಳಗಿಂದ ಎಕ್ಸೆಕ್ (ಅದೇ ಪ್ರಾಸೆಸ್ಸಿನಲ್ಲಿ ಬೇರೆ ಪ್ರೋಗ್ರಾಂ ಓಡಿಸುವ ಕರೆ) ಇಲ್ಲದೆ ಎಬ್ಬಿಸಿದರೆ ‘ಲಿಸನ್_ಪಿಐಡಿ’ ಶೆಲ್‌ನದ್ದಾಗಿರುತ್ತದೆ. ಲೈಬ್ರರಿ ‘ಇದು ನನಗೆ ಬಂದದ್ದಲ್ಲ’ ಎಂದು ಸೊನ್ನೆ ಹಿಂದಿರುಗಿಸುತ್ತದೆ, ಪ್ರೋಗ್ರಾಂ ತಾನೇ ಬೈಂಡ್ ಮಾಡಲು ಹೋಗಿ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದು ಬೀಳುತ್ತದೆ. ಸ್ಕ್ರಿಪ್ಟಿನ ಕೊನೆಯ ಸಾಲಿಗೆ ‘ಎಕ್ಸೆಕ್’ ಸೇರಿಸಿದರೆ ಸರಿಹೋಗುತ್ತದೆ. ಮೂರನೆಯದು, ಹೊಸ ಬಿಲ್ಡ್ ಎದ್ದ ಕೂಡಲೇ ಕ್ರ್ಯಾಶ್ ಆಗುತ್ತಿದ್ದರೆ 10 ಸೆಕೆಂಡಿನಲ್ಲಿ 5 ಸ್ಟಾರ್ಟ್ ಎಂಬ ಡೀಫಾಲ್ಟ್ ಮಿತಿ ದಾಟುತ್ತದೆ. ಆಗ ಸಾಕೆಟ್ ಯೂನಿಟ್ ಕೂಡ ಫೇಲ್ ಆಗಿ ಪೋರ್ಟೇ ಮುಚ್ಚಿಹೋಗುತ್ತದೆ. ಹಳೆಯದು ಆಗಲೇ ಸತ್ತಿರುತ್ತದಾದ್ದರಿಂದ ಹಿಂದಕ್ಕೆ ಹೋಗುವ ದಾರಿಯನ್ನು ನೀವೇ ಕಟ್ಟಿಕೊಳ್ಳಬೇಕು.

ಮಗುವಿಗೆ ಡಿಸ್ಕ್ರಿಪ್ಟರ್ ದಾಟಿಸುವುದು: ಎಂಜಿನ್‌ಎಕ್ಸ್ ಶೈಲಿ

ಹಳೆಯ ಪ್ರಾಸೆಸ್ ತಾನೇ ಫೋರ್ಕ್ ಆಗಿ (ತನ್ನ ನಕಲೊಂದನ್ನು, ಅಂದರೆ ಮಗುವನ್ನು, ಹುಟ್ಟಿಸಿ) ಹೊಸ ಬೈನರಿಯನ್ನು ಎಕ್ಸೆಕ್ ಮಾಡುತ್ತದೆ, ತೆರೆದ ಸಾಕೆಟ್ ಹಾಗೇ ದಾಟುತ್ತದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಕ್ರಮ ಹೀಗೆ. ಮಾಸ್ಟರ್‌ಗೆ (ವರ್ಕರ್‌ಗಳನ್ನು ನೋಡಿಕೊಳ್ಳುವ ಮುಖ್ಯ ಪ್ರಾಸೆಸ್) ಯುಎಸ್‌ಆರ್2 ಸಿಗ್ನಲ್ ಕಳಿಸಿದರೆ ಅದು ಪಿಐಡಿ ಫೈಲಿನ ಹೆಸರಿಗೆ ‘.ಓಲ್ಡ್‌ಬಿನ್’ ಸೇರಿಸಿ, ಹೊಸ ಮಾಸ್ಟರ್ ಎಬ್ಬಿಸಿ, ಡಿಸ್ಕ್ರಿಪ್ಟರ್ ಸಂಖ್ಯೆಗಳನ್ನು ಎನ್ವಿರಾನ್‌ಮೆಂಟ್ ಮೂಲಕ ಕೊಡುತ್ತದೆ. ಈಗ ಎರಡೂ ಪೀಳಿಗೆ ಒಂದೇ ಕ್ಯೂನಿಂದ ಕನೆಕ್ಷನ್ ಎತ್ತುತ್ತಿರುತ್ತವೆ. ಹಳೆಯ ಮಾಸ್ಟರ್‌ಗೆ ವಿಂಚ್ ಕಳಿಸಿದರೆ ಅದರ ವರ್ಕರ್‌ಗಳು ಮೆಲ್ಲಗೆ ಮುಗಿಯುತ್ತವೆ, ಮಾಸ್ಟರ್ ಮಾತ್ರ ಉಳಿಯುತ್ತದೆ. ಹೊಸದು ಸರಿಯಿದ್ದರೆ ಹಳೆಯದಕ್ಕೆ ಕ್ವಿಟ್. ಸರಿಯಿಲ್ಲದಿದ್ದರೆ ಹಳೆಯದಕ್ಕೆ ಹಪ್ ಕಳಿಸಿದರೆ ವರ್ಕರ್‌ಗಳು ಮತ್ತೆ ಏಳುತ್ತವೆ, ಕ್ವಿಟ್ ಹೊಸದಕ್ಕೆ ಹೋಗುತ್ತದೆ. ಹಿಂದಕ್ಕೆ ಬರುವ ದಾರಿ ಕೊನೆಯ ಹೆಜ್ಜೆಯವರೆಗೂ ತೆರೆದಿರುವುದೇ ಈ ವಿಧಾನದ ದೊಡ್ಡ ಗುಣ. ಪೈಥಾನ್ ಸರ್ವರ್ ಗುನಿಕಾರ್ನ್ ಕೂಡ ಇದೇ ಸಿಗ್ನಲ್‌ಗಳನ್ನು ಬಳಸುತ್ತದೆ, ಮೆಲ್ಲಗೆ ಮುಗಿಸಲು ಮಾತ್ರ ಅಲ್ಲಿ ಕ್ವಿಟ್ ಬದಲು ಟರ್ಮ್. ಬರಿಯ ಕಾನ್ಫಿಗರೇಶನ್ ಬದಲಾದರೆ ಇಷ್ಟೆಲ್ಲ ಬೇಡ, ನೇರ ಹಪ್ ಸಾಕು. ಬೈನರಿ ಬದಲಾದಾಗ ಹಪ್ ಸಾಲದು.

ಸಿದ್ಧ ಸಾಫ್ಟ್‌ವೇರ್ ಇದನ್ನು ಮಾಡಿಕೊಡುವಾಗ ಎಲ್ಲ ಸಲೀಸು. ನೀವೇ ಬರೆಯಲು ಹೊರಟರೆ ಗುಂಡಿಗಳು ಹೆಜ್ಜೆಗೊಂದು.

ಗೋ ಭಾಷೆ ತೆರೆಯುವ ಡಿಸ್ಕ್ರಿಪ್ಟರ್‌ಗಳೆಲ್ಲ ಎಕ್ಸೆಕ್ ಆದಾಗ ತಾವೇ ಮುಚ್ಚಿಕೊಳ್ಳುತ್ತವೆ. ಪೈಥಾನ್‌ನಲ್ಲೂ 3.4ರಿಂದ ಹಾಗೆಯೇ. ಗೋದಲ್ಲಿ ‘ಎಕ್ಸ್‌ಟ್ರಾಫೈಲ್ಸ್’, ಪೈಥಾನ್‌ನಲ್ಲಿ ‘ಪಾಸ್_ಎಫ್‌ಡಿಎಸ್’ ಮೂಲಕ ಬೇಕೆಂದೇ ದಾಟಿಸಬೇಕು.

ತಂದೆ-ಮಗ ಇಬ್ಬರೂ ಹಂಚಿಕೊಳ್ಳುವುದು ಒಂದೇ ತೆರೆದ ಸಾಕೆಟ್ಟನ್ನು, ಅದರ ನಕಲನ್ನಲ್ಲ. ಮಗು ಅದನ್ನು ಬ್ಲಾಕಿಂಗ್ ಮೋಡ್‌ಗೆ ಹಾಕಿದರೆ ತಂದೆಗೂ ಅದು ಬ್ಲಾಕಿಂಗ್ ಆಗುತ್ತದೆ, ಮತ್ತು ಇವೆಂಟ್ ಲೂಪ್ ಆಕ್ಸೆಪ್ಟ್‌ನಲ್ಲಿ ಸಿಕ್ಕಿಬೀಳುತ್ತದೆ. ತಂದೆ ಹೊರಡುವಾಗ ‘ಕ್ಲೋಸ್’ ಬದಲು ‘ಶಟ್‌ಡೌನ್’ ಕರೆದರೆ ಲಿನಕ್ಸ್‌ನಲ್ಲಿ ಮಗುವಿನ ಲಿಸನಿಂಗ್ ಕೂಡ ನಿಲ್ಲುತ್ತದೆ. ಎಲ್ಲಕ್ಕಿಂತ ಕಾಡುವುದು ಈಪೋಲ್, ಯಾವ ಸಾಕೆಟ್‌ನಲ್ಲಿ ಕೆಲಸ ಬಂದಿದೆ ಎಂದು ತಿಳಿಸುವ ಕರ್ನಲ್ ಸೌಲಭ್ಯ. ತಂದೆ ಡಿಸ್ಕ್ರಿಪ್ಟರ್ ಮುಚ್ಚಿದರೂ ಸಾಕೆಟ್ ಮಗುವಿನ ಬಳಿ ಜೀವಂತವಾಗಿರುವುದರಿಂದ ಈಪೋಲ್ ಪಟ್ಟಿಯಿಂದ ಅದು ಹೋಗುವುದಿಲ್ಲ. ಹೊಸ ಕನೆಕ್ಷನ್ ಬಂದಾಗಲೆಲ್ಲ ತಂದೆ ಎಚ್ಚರಗೊಳ್ಳುತ್ತದೆ, ಮುಚ್ಚಿದ ಸಂಖ್ಯೆಯನ್ನು ಪಟ್ಟಿಯಿಂದ ತೆಗೆಯಲೂ ಆಗುವುದಿಲ್ಲ, ಸಿಪಿಯು 100%ಗೆ ಏರುತ್ತದೆ. ಮೊದಲು ಈಪೋಲ್‌ನಿಂದ ತೆಗೆಯಿರಿ, ಆಮೇಲೆ ಮುಚ್ಚಿ.

ಯುನಿಕ್ಸ್ ಸಾಕೆಟ್ (ಒಂದೇ ಯಂತ್ರದೊಳಗೆ ಫೈಲ್ ಹೆಸರಿನ ಮೂಲಕ ತಲುಪುವ ಸಾಕೆಟ್) ಮೇಲೆ ಕೇಳಿಸಿಕೊಳ್ಳುವ ಸರ್ವರ್ ಆದರೆ, ಹಳೆಯದು ಹೋಗುವಾಗ ಸಾಕೆಟ್ ಫೈಲನ್ನು ಅಳಿಸಿ ಹೋಗುತ್ತದೆಯೇ ಎಂದು ನೋಡಿ. ಗೋದಲ್ಲಿ ತಾನೇ ಬೈಂಡ್ ಮಾಡಿದ ಲಿಸನರ್ ಅದನ್ನು ಅಳಿಸುವುದೇ ಡೀಫಾಲ್ಟ್. ಹೊಸ ಪ್ರಾಸೆಸ್ ಆರಾಮವಾಗಿ ಕಾಯುತ್ತಿರುತ್ತದೆ, ಆದರೆ ಅದನ್ನು ತಲುಪುವ ಹೆಸರೇ ಇರುವುದಿಲ್ಲ.

ಸಿಸ್ಟಮ್‌ಡಿ ಅಡಿಯಲ್ಲಿ ಓಡಿಸುತ್ತಿದ್ದರೆ ಇನ್ನೊಂದು ತಕರಾರು. ಮುಖ್ಯ ಪ್ರಾಸೆಸ್ ಮುಗಿಯಿತು ಎಂದು ಅದು ಇಡೀ ಗುಂಪನ್ನೇ ಕೊಲ್ಲುತ್ತದೆ, ಆಗಷ್ಟೇ ಎದ್ದ ಮಗುವೂ ಸೇರಿ. ಪಿಐಡಿ ಫೈಲ್ ಮೂಲಕವೋ, ‘ಮೇನ್‌ಪಿಐಡಿ=’ ಸಂದೇಶದ ಮೂಲಕವೋ ಹೊಸ ಯಜಮಾನ ಯಾರೆಂದು ತಿಳಿಸಲೇಬೇಕು. ಮಗು ಹಳೆಯ ಎನ್ವಿರಾನ್‌ಮೆಂಟನ್ನೇ ಆನುವಂಶಿಕವಾಗಿ ಪಡೆಯುತ್ತದೆ ಎಂಬುದೂ ನೆನಪಿರಲಿ: ಎನ್ವಿರಾನ್‌ಮೆಂಟ್ ಫೈಲಿನಲ್ಲಿ ಬದಲಿಸಿದ ಪಾಸ್‌ವರ್ಡ್ ಅದಕ್ಕೆ ತಲುಪುವುದಿಲ್ಲ. ಕಂಟೇನರ್ ಇಮೇಜ್ ಬದಲಿಸಿ ಡಿಪ್ಲಾಯ್ ಮಾಡುವವರಿಗೆ ಈ ದಾರಿ ಹೇಗೂ ಮುಚ್ಚಿದೆ. ಹಳೆಯ ಇಮೇಜಿನೊಳಗೆ ಹೊಸ ಬೈನರಿಯೇ ಇಲ್ಲವಲ್ಲ.

ಯುನಿಕ್ಸ್ ಸಾಕೆಟ್ ಮೂಲಕ ಹಸ್ತಾಂತರ

ಲಿನಕ್ಸ್‌ನಲ್ಲಿ ಯುನಿಕ್ಸ್ ಸಾಕೆಟ್ ಮೇಲೆ ‘ಎಸ್‌ಸಿಎಂ_ರೈಟ್ಸ್’ ಸಂದೇಶದ ಮೂಲಕ ಒಂದು ಪ್ರಾಸೆಸ್ ಇನ್ನೊಂದಕ್ಕೆ ಡಿಸ್ಕ್ರಿಪ್ಟರ್ ಕಳಿಸಬಹುದು, ಒಂದು ಸಂದೇಶಕ್ಕೆ ಗರಿಷ್ಠ 253. ತಂದೆ-ಮಗ ಸಂಬಂಧ ಬೇಕಿಲ್ಲ. ಹೊಸದು ತನ್ನದೇ ಎನ್ವಿರಾನ್‌ಮೆಂಟ್‌ನಲ್ಲಿ ಸ್ವತಂತ್ರವಾಗಿ ಎದ್ದು, ಹಳೆಯದನ್ನು ಸಾಕೆಟ್ ಕೇಳಿ ಪಡೆಯುತ್ತದೆ. ಎಚ್‌ಎಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರ್ (ಟ್ರಾಫಿಕ್ಕನ್ನು ಹಲವು ಯಂತ್ರಗಳಿಗೆ ಹಂಚುವ ಸರ್ವರ್) 2017ರ 1.8 ಆವೃತ್ತಿಯಿಂದ ಹೀಗೆ ಮಾಡುತ್ತದೆ: ಸ್ಟ್ಯಾಟ್ಸ್ ಸಾಕೆಟ್ ಸಾಲಿಗೆ ‘ಎಕ್ಸ್‌ಪೋಸ್-ಎಫ್‌ಡಿ ಲಿಸನರ್ಸ್’ ಸೇರಿಸಬೇಕು, ಹೊಸ ಪ್ರಾಸೆಸ್ ‘-ಎಕ್ಸ್’ ಆಯ್ಕೆಯಲ್ಲಿ ಆ ಸಾಕೆಟ್ಟನ್ನು ಹೆಸರಿಸಬೇಕು. ಎನ್‌ವಾಯ್ ಎಂಬ ಪ್ರಾಕ್ಸಿ ಇದನ್ನು ಹಾಟ್ ರೀಸ್ಟಾರ್ಟ್ ಎನ್ನುತ್ತದೆ. ಅಲ್ಲಿ ಹಳೆಯದು ಕನೆಕ್ಷನ್‌ಗಳನ್ನು ಬರಿದು ಮಾಡಿಕೊಳ್ಳಲು ಡೀಫಾಲ್ಟ್ 600 ಸೆಕೆಂಡ್, ಪೂರ್ತಿ ಕಣ್ಮರೆಯಾಗಲು 900.

ಬಹಳ ಹೊತ್ತು ಉಳಿಯುವ ಕನೆಕ್ಷನ್‌ಗಳಿದ್ದರೆ, ಏಳಲು ತಡ ಮಾಡುವ ಪ್ರೋಗ್ರಾಂ ಆದರೆ ನಮ್ಮ ಮತ ಇದಕ್ಕೇ. ಹೊಸದು ಕ್ಯಾಶ್ ತುಂಬಿಸಿಕೊಂಡು ಸಿದ್ಧವಾದ ಮೇಲೆಯೇ ಸಾಕೆಟ್ ಕೇಳಬಹುದು, ಅಲ್ಲಿಯವರೆಗೆ ಹಳೆಯದು ಸೇವೆ ಕೊಡುತ್ತಿರುತ್ತದೆ. ಎಚ್ಚರ ಬೇಕಾದದ್ದು ಎರಡು ಕಡೆ. ಹಸ್ತಾಂತರದ ಯುನಿಕ್ಸ್ ಸಾಕೆಟ್ ಫೈಲಿಗೆ ಅನುಮತಿ ಬಿಗಿಯಾಗಿರಲಿ, ಅದಕ್ಕೆ ಕನೆಕ್ಟ್ ಆದವರ ಕೈಗೆ ನಿಮ್ಮ ಪೋರ್ಟ್ ಹೋಗುತ್ತದೆ. ಹೊಸ ಕಾನ್ಫಿಗರೇಶನ್‌ನಲ್ಲಿ ತೆಗೆದುಹಾಕಿದ ಪೋರ್ಟಿನ ಡಿಸ್ಕ್ರಿಪ್ಟರ್ ಕೂಡ ಕೈಗೆ ಬಂದಿದ್ದರೆ ಅದನ್ನು ಮುಚ್ಚಿ. ಮುಚ್ಚದಿದ್ದರೆ ಆ ಪೋರ್ಟಿಗೆ ಬಂದವರು ಕನೆಕ್ಟ್ ಆಗುತ್ತಾರೆ, ಉತ್ತರ ಮಾತ್ರ ಎಂದೂ ಬರುವುದಿಲ್ಲ.

ರೀಯೂಸ್‌ಪೋರ್ಟ್

2013ರ ಲಿನಕ್ಸ್ 3.9ರಿಂದ ‘ಎಸ್‌ಒ_ರೀಯೂಸ್‌ಪೋರ್ಟ್’ ಹಾಕಿದ ಹಲವು ಸಾಕೆಟ್‌ಗಳು ಒಂದೇ ಪೋರ್ಟಿಗೆ ಬೈಂಡ್ ಆಗಬಹುದು. ಹೊಸದು ಬೈಂಡ್ ಆಗುತ್ತದೆ, ಹಳೆಯದು ಮುಚ್ಚುತ್ತದೆ, ಹಸ್ತಾಂತರದ ರಗಳೆಯೇ ಇಲ್ಲ. ನೋಡಲು ಎಲ್ಲಕ್ಕಿಂತ ಸುಲಭ, ಅದಕ್ಕೇ ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೆ.

ಆದರೆ ಇಲ್ಲಿ ಪ್ರತಿ ಸಾಕೆಟ್‌ಗೂ ಬೇರೆಯದೇ ಕ್ಯೂ. ಬಂದ ಕನೆಕ್ಷನ್ ಯಾವ ಕ್ಯೂಗೆ ಎಂಬುದನ್ನು ಎರಡೂ ಬದಿಯ ವಿಳಾಸ ಮತ್ತು ಪೋರ್ಟ್‌ಗಳ ಹ್ಯಾಶ್ ನಿರ್ಧರಿಸುತ್ತದೆ. ಹಳೆಯದು ಮುಚ್ಚಿದಾಗ ಅದರ ಕ್ಯೂನಲ್ಲಿದ್ದವರಿಗೆ ಆರ್‌ಎಸ್‌ಟಿ, ಪಕ್ಕದಲ್ಲೇ ಹೊಸ ಸಾಕೆಟ್ ಖಾಲಿ ಕುಳಿತಿದ್ದರೂ. ಮುಚ್ಚುವ ಮೊದಲು ಕ್ಯೂ ಖಾಲಿಯಾಗುವವರೆಗೆ ಆಕ್ಸೆಪ್ಟ್ ಮಾಡಿದರೆ ನಷ್ಟ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಕೊನೆಯ ಆಕ್ಸೆಪ್ಟ್ ಮತ್ತು ಕ್ಲೋಸ್ ನಡುವೆ ಬಂದವರು ಹೋದಂತೆಯೇ. 1.8ಕ್ಕೆ ಮೊದಲಿನ ಎಚ್‌ಎಪ್ರಾಕ್ಸಿ ಬಳಕೆದಾರರು ಈ ಬಿರುಕು ಮುಚ್ಚಲು ರೀಲೋಡ್ ಹೊತ್ತಿನಲ್ಲಿ ಎಸ್‌ವೈಎನ್ ಪ್ಯಾಕೆಟ್‌ಗಳನ್ನೇ ತಡೆಹಿಡಿಯುವಂಥ ಸರ್ಕಸ್ ಮಾಡುತ್ತಿದ್ದರು. ಲಿನಕ್ಸ್ 5.14ರಲ್ಲಿ ‘ಟಿಸಿಪಿ_ಮೈಗ್ರೇಟ್_ರೆಕ್’ ಎಂಬ ಸೆಟ್ಟಿಂಗ್ ಬಂದಿದೆ. ಅದನ್ನು 1 ಮಾಡಿದರೆ ಮುಚ್ಚುವ ಸಾಕೆಟ್ಟಿನ ಕ್ಯೂ ಉಳಿದವುಗಳಿಗೆ ವರ್ಗವಾಗುತ್ತದೆ. ಡೀಫಾಲ್ಟ್ 0. ಅದನ್ನು ಆನ್ ಮಾಡಲಾಗದ ಕಡೆ ರೀಯೂಸ್‌ಪೋರ್ಟನ್ನು ವರ್ಕರ್‌ಗಳ ನಡುವೆ ಹೊರೆ ಹಂಚಲು ಬಳಸಿ, ರೀಸ್ಟಾರ್ಟ್‌ಗೆ ಬೇಡ.

ಎರಡು ಪ್ರಾಸೆಸ್‌ಗಳ ಎಫೆಕ್ಟಿವ್ ಯೂಸರ್ ಐಡಿ ಒಂದೇ ಇರಬೇಕು. ಹಳೆಯದು ಯಾವುದೋ ಕಾರಣಕ್ಕೆ ಸಾಯದೆ ಉಳಿದರೆ ಬೈಂಡ್ ಎರರ್ ಬಂದು ಎಚ್ಚರಿಸುವುದೂ ಇಲ್ಲ. ಅರ್ಧ ಟ್ರಾಫಿಕ್ ಹಳೆಯ ಆವೃತ್ತಿಗೇ ಹೋಗುತ್ತಿರುತ್ತದೆ. ಫ್ರೀಬಿಎಸ್‌ಡಿಯಲ್ಲಿ ಇದೇ ಹೆಸರಿನ ಆಯ್ಕೆ ಹೊರೆ ಹಂಚುವುದಿಲ್ಲ, ಅಲ್ಲಿ ಹೆಸರಿನ ಕೊನೆಗೆ ‘_ಎಲ್‌ಬಿ’ ಇರುವ ಬೇರೆ ಆಯ್ಕೆ ಬೇಕು, 12ನೇ ಆವೃತ್ತಿಯಿಂದ.

ಕ್ವಿಕ್ (ಎಚ್‌ಟಿಟಿಪಿ 3ರ ತಳಹದಿ) ಅಥವಾ ಬೇರೆ ಯುಡಿಪಿ ಸರ್ವರ್ ಆದರೆ ಕಷ್ಟ ಇನ್ನೊಂದು ಬಗೆಯದು. ಸಾಕೆಟ್‌ಗಳ ಸಂಖ್ಯೆ ಬದಲಾದ ಕ್ಷಣ ಹ್ಯಾಶ್ ಬದಲಾಗಿ, ನಡೆಯುತ್ತಿರುವ ಸಂಭಾಷಣೆಯ ಪ್ಯಾಕೆಟ್ ಅದರ ಗುರುತೇ ಇಲ್ಲದ ಪ್ರಾಸೆಸ್‌ಗೆ ಹೋಗುತ್ತದೆ. ಅಲ್ಲಿ ಕನೆಕ್ಷನ್ ಐಡಿ ನೋಡಿ ಹಂಚುವ, ಕರ್ನಲ್ ಒಳಗೇ ಓಡುವ ಈಬಿಪಿಎಫ್ ಪ್ರೋಗ್ರಾಂ ಅಥವಾ ಹೊಸದರಿಂದ ಹಳೆಯದಕ್ಕೆ ಪ್ಯಾಕೆಟ್ ದಾಟಿಸುವ ವ್ಯವಸ್ಥೆ ಬೇಕೇ ಬೇಕು.

ಲೋಡ್ ಬ್ಯಾಲೆನ್ಸರ್ ಹಿಂದೆ ನಿಂತು

ಎರಡಕ್ಕಿಂತ ಹೆಚ್ಚು ಯಂತ್ರಗಳಿದ್ದರೆ ಮೇಲಿನ ಯಾವುದೂ ಬೇಡ. ಒಂದನ್ನು ಸರದಿಯಿಂದ ಹೊರಗಿಟ್ಟು, ಬರಿದಾದ ಮೇಲೆ ನಿಲ್ಲಿಸಿ, ಹೊಸದನ್ನು ಎಬ್ಬಿಸಿ, ಮತ್ತೆ ಸೇರಿಸುವುದು. ಕಂಟೇನರ್ ಜಗತ್ತಿಗೆ ಒಗ್ಗುವ ದಾರಿಯೂ ಇದೇ. ತಪ್ಪುವುದು ಕಾಲದ ಲೆಕ್ಕದಲ್ಲಿ. ಹೆಲ್ತ್ ಚೆಕ್ 5 ಸೆಕೆಂಡಿಗೊಮ್ಮೆ, 3 ಸಲ ಸೋತರೆ ಹೊರಗೆ ಎಂದಿದ್ದರೆ, ‘ನಾನು ಸಿದ್ಧವಿಲ್ಲ’ ಎಂದ ಮೇಲೂ ಕನಿಷ್ಠ 15 ಸೆಕೆಂಡ್ ಹೊಸ ಕನೆಕ್ಷನ್‌ಗಳನ್ನು ಸ್ವೀಕರಿಸುತ್ತಲೇ ಇರಬೇಕು. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ನಲ್ಲಿ ಸಿಗ್‌ಟರ್ಮ್ ಕಳಿಸುವುದು ಮತ್ತು ಪಾಡ್ (ಒಟ್ಟಿಗೆ ಓಡುವ ಕಂಟೇನರ್ ಗುಂಪು) ವಿಳಾಸವನ್ನು ಪಟ್ಟಿಯಿಂದ ತೆಗೆಯುವುದು ಒಂದಕ್ಕೊಂದು ಕಾಯದೆ ನಡೆಯುತ್ತವೆ. ಸಿಗ್‌ಟರ್ಮ್ ಬಂದ ಕೂಡಲೇ ಸಾಕೆಟ್ ಮುಚ್ಚುವ ಪ್ರೋಗ್ರಾಂ ಪ್ರತಿ ಡಿಪ್ಲಾಯ್‌ನಲ್ಲೂ ಒಂದಿಷ್ಟು ರಿಕ್ವೆಸ್ಟ್ ಕಳೆದುಕೊಳ್ಳುತ್ತದೆ. ಪ್ರೀಸ್ಟಾಪ್ ಹುಕ್‌ನಲ್ಲಿ (ಸಿಗ್‌ಟರ್ಮ್‌ಗೆ ಮೊದಲು ಓಡುವ ಕಮಾಂಡ್) 5ರಿಂದ 15 ಸೆಕೆಂಡ್ ಸ್ಲೀಪ್ ಹಾಕುವುದು ಚಂದದ ಪರಿಹಾರವಲ್ಲ, ಆದರೆ ಕೆಲಸ ಮಾಡುತ್ತದೆ. ಡೀಫಾಲ್ಟ್ ಗಡುವು 30 ಸೆಕೆಂಡ್, ಮತ್ತು ಈ ಸ್ಲೀಪ್ ಆ ಗಡುವಿನೊಳಗೇ ಲೆಕ್ಕ. ಬೇಕಿದ್ದರೆ ಗಡುವನ್ನೂ ಹೆಚ್ಚಿಸಿ. ಇನ್ನು ಲೋಡ್ ಬ್ಯಾಲೆನ್ಸರನ್ನೇ ರೀಸ್ಟಾರ್ಟ್ ಮಾಡಬೇಕಾದಾಗ ಮತ್ತೆ ಮೇಲಿನ ವಿಧಾನಗಳಿಗೇ ಬರಬೇಕು.

ಹಳೆಯ ಕನೆಕ್ಷನ್‌ಗಳ ಕಥೆ ಬೇರೆ

ಹೊಸಬರನ್ನು ಕಳೆದುಕೊಳ್ಳದಿರುವುದು ಒಂದು ಕೆಲಸ, ಒಳಗಿದ್ದವರನ್ನು ಮರ್ಯಾದೆಯಿಂದ ಕಳಿಸುವುದು ಇನ್ನೊಂದು. ಐದರಲ್ಲಿ ಯಾವುದನ್ನು ಆರಿಸಿದರೂ ಎರಡನೆಯದು ನಿಮ್ಮ ತಲೆಗೇ. ಎಚ್‌ಟಿಟಿಪಿ 1.1ರಲ್ಲಿ ಕೀಪ್-ಅಲೈವ್ ಆಗಿ ಸುಮ್ಮನೆ ಕುಳಿತ ಕನೆಕ್ಷನ್ ಅನ್ನು ನೀವು ಮುಚ್ಚುವ ಕ್ಷಣಕ್ಕೇ ಕ್ಲೈಂಟ್ ರಿಕ್ವೆಸ್ಟ್ ಕಳಿಸಿದರೆ ಅದಕ್ಕೆ ಆರ್‌ಎಸ್‌ಟಿ ಸಿಗುತ್ತದೆ. ಗೆಟ್ ಆದರೆ ಬ್ರೌಸರ್ ತಾನೇ ಮತ್ತೆ ಕಳಿಸೀತು, ಪೋಸ್ಟ್ ಆದರೆ ಆ ಭರವಸೆ ಇಲ್ಲ. ಮುಚ್ಚುವ ಮೊದಲು ಕೆಲ ಸೆಕೆಂಡ್ ಪ್ರತಿ ಉತ್ತರದಲ್ಲೂ ‘ಕನೆಕ್ಷನ್: ಕ್ಲೋಸ್’ ಹೆಡರ್ ಸೇರಿಸಿದರೆ ಇಂಥವು ಬಹಳ ಕಡಿಮೆಯಾಗುತ್ತವೆ. ಎಚ್‌ಟಿಟಿಪಿ 2ರಲ್ಲಿ ಗೋಅವೇ ಫ್ರೇಮ್ (‘ಹೊರಡುತ್ತಿದ್ದೇನೆ’ ಎಂಬ ಸಂದೇಶ) ಎರಡು ಸಲ ಕಳಿಸಬೇಕು: ಮೊದಲು ಗರಿಷ್ಠ ಸ್ಟ್ರೀಮ್ ಸಂಖ್ಯೆಯೊಂದಿಗೆ, ಒಂದು ಸುತ್ತಿನ ಪ್ರಯಾಣದ ಸಮಯ ಕಳೆದ ಮೇಲೆ ನಿಜವಾದ ಕೊನೆಯ ಸಂಖ್ಯೆಯೊಂದಿಗೆ.

ವೆಬ್‌ಸಾಕೆಟ್ ತಾನಾಗಿ ಮುಗಿಯುವುದಿಲ್ಲ. ಗೋದ ‘ಶಟ್‌ಡೌನ್’ ಫಂಕ್ಷನ್ ಅದನ್ನು ಮುಟ್ಟುವುದೂ ಇಲ್ಲ, ಕಾಯುವುದೂ ಇಲ್ಲ. 1001 ಕೋಡ್ ಕೊಟ್ಟು ನೀವೇ ಮುಚ್ಚಬೇಕು, ಅದೂ ಒಂದೇ ಏಟಿಗೆ ಅಲ್ಲ, ಕೆಲ ನಿಮಿಷಗಳಲ್ಲಿ ಹರಡಿ. ಇಲ್ಲದಿದ್ದರೆ ಅಷ್ಟೂ ಕ್ಲೈಂಟ್‌ಗಳು ಒಟ್ಟಿಗೆ ಮರಳಿ ಬಂದು ಹೊಸ ಪ್ರಾಸೆಸ್ಸಿನ ಕ್ಯೂ ತುಂಬಿಸುತ್ತವೆ. ಹಾಗೆಯೇ ಗೋದಲ್ಲಿ ಶಟ್‌ಡೌನ್ ಕರೆದ ತಕ್ಷಣ ‘ಲಿಸನ್‌ಆಂಡ್‌ಸರ್ವ್’ ಹಿಂದಿರುಗುತ್ತದೆ. ಮೇನ್ ಫಂಕ್ಷನ್ ಅಲ್ಲಿಗೇ ಮುಗಿದರೆ ಬರಿದಾಗುವ ಮೊದಲೇ ಪ್ರಾಸೆಸ್ ಸತ್ತಿರುತ್ತದೆ.

ಕಾಯಲು ಒಂದು ಕೊನೆ ಬೇಕು. ಎಂಜಿನ್‌ಎಕ್ಸ್‌ನಲ್ಲಿ ‘ವರ್ಕರ್_ಶಟ್‌ಡೌನ್_ಟೈಮ್‌ಔಟ್’, ಎಚ್‌ಎಪ್ರಾಕ್ಸಿಯಲ್ಲಿ ‘ಹಾರ್ಡ್-ಸ್ಟಾಪ್-ಆಫ್ಟರ್’ ಹಾಕದಿದ್ದರೆ ದಿನಕ್ಕೆ ಹತ್ತು ಸಲ ರೀಲೋಡ್ ಆಗುವ ಕಡೆ ಹಳೆಯ ಪೀಳಿಗೆಗಳು ಮೆಮೊರಿಯಲ್ಲಿ ಸಾಲುಗಟ್ಟುತ್ತವೆ. ಹಳೆಯದು, ಹೊಸದು ಜೊತೆಗೆ ಬದುಕುವ ವಿಧಾನಗಳಲ್ಲಿ ಡೇಟಾಬೇಸ್ ಕನೆಕ್ಷನ್‌ಗಳೂ ದುಪ್ಪಟ್ಟಾಗುತ್ತವೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ ಡೀಫಾಲ್ಟ್ ಮಿತಿ 100. ಒಂದು ಪ್ರಾಸೆಸ್ 60ರ ಪೂಲ್ ಇಟ್ಟುಕೊಂಡಿದ್ದರೆ ರೀಸ್ಟಾರ್ಟ್ ಹೊತ್ತಿಗೇ ಹೊಸದು ಏಳಲಾಗದೆ ಒದ್ದಾಡುತ್ತದೆ.

ಆರಿಸಿದ ಮೇಲೆ ಪರೀಕ್ಷೆ

ಸಾಕೆಟ್ ನಿಜವಾಗಿಯೂ ಉಳಿಯಿತೇ ಎಂದು ನೋಡುವುದು ಸುಲಭ. ರೀಸ್ಟಾರ್ಟ್‌ಗೆ ಮೊದಲು ಮತ್ತು ಆಮೇಲೆ ‘ಎಸ್‌ಎಸ್ -ಎಲ್‌ಟಿಎನ್‌ಇ’ ಓಡಿಸಿ ‘ಐಎನ್‌ಒ’ ಎದುರಿನ ಐನೋಡ್ ಸಂಖ್ಯೆ ಹೋಲಿಸಿ. ಒಂದೇ ಇದ್ದರೆ ಅದೇ ಸಾಕೆಟ್, ಅದೇ ಕ್ಯೂ. ಬದಲಾಗಿದ್ದರೆ ಯಾರೋ ಮುಚ್ಚಿ ತೆರೆದಿದ್ದಾರೆ. ರೀಯೂಸ್‌ಪೋರ್ಟ್‌ನಲ್ಲಿ ಮಾತ್ರ ಇದು ಸಹಜ. ಅದೇ ಸಾಲಿನ ‘ರೆಕ್ವ್-ಕ್ಯೂ’ ಅಂಕಣ ಆ ಕ್ಷಣ ಕ್ಯೂನಲ್ಲಿರುವವರ ಸಂಖ್ಯೆ, ‘ಸೆಂಡ್-ಕ್ಯೂ’ ಅದರ ಮಿತಿ.

ಲೋಡ್ ಪರೀಕ್ಷೆಯಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ತೆರೆಯಿರಿ. ಕೀಪ್-ಅಲೈವ್ ಇಟ್ಟರೆ ಆಕ್ಸೆಪ್ಟ್ ಕ್ಯೂ ಪರೀಕ್ಷೆಯೇ ಆಗುವುದಿಲ್ಲ. ಅದನ್ನು ಬೇರೆ ಸುತ್ತಿನಲ್ಲಿ ನೋಡಿ. ಲೋಡ್ ಓಡುತ್ತಿರುವಾಗಲೇ ಇಪ್ಪತ್ತು ಮೂವತ್ತು ಸಲ ರೀಸ್ಟಾರ್ಟ್ ಮಾಡಿ, ಒಂದೆರಡು ಸಲದಲ್ಲಿ ಈ ಬಿರುಕುಗಳು ಸಿಕ್ಕಿಬೀಳುವುದಿಲ್ಲ. ಒಂದೇ ಕ್ಲೈಂಟ್ ಯಂತ್ರದಿಂದ ಹೊಡೆಯುತ್ತಿದ್ದರೆ ಅದರ ಬಳಿ ಇರುವುದು ಡೀಫಾಲ್ಟ್ ಆಗಿ 28,000ದಷ್ಟು ತಾತ್ಕಾಲಿಕ ಪೋರ್ಟ್‌ಗಳು, ಮತ್ತು ಮುಚ್ಚಿದ್ದು 60 ಸೆಕೆಂಡ್ ಟೈಮ್-ವೇಟ್‌ನಲ್ಲಿ ಕೂರುತ್ತದೆ. ‘ಕ್ಯಾನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ ಕಂಡರೆ ದೋಷ ಸರ್ವರ್‌ನದ್ದಲ್ಲ, ಪರೀಕ್ಷೆಯದ್ದು.

ಉಳಿದ ಎರರ್‌ಗಳನ್ನು ಒಟ್ಟು ಸೇರಿಸಿ ಎಣಿಸಬೇಡಿ, ಬಗೆಬಗೆಯಾಗಿ ಎಣಿಸಿ. ‘ರೆಫ್ಯೂಸ್ಡ್’ ಬಂದರೆ ಆ ಗಳಿಗೆ ಸಾಕೆಟ್ ಯಾರ ಕೈಯಲ್ಲೂ ಇರಲಿಲ್ಲ. ‘ರೀಸೆಟ್ ಬೈ ಪಿಯರ್’ ಹೊಸ ಕನೆಕ್ಷನ್‌ಗಳಲ್ಲಿ ಬಂದರೆ ಕ್ಯೂ ಸಮೇತ ಸಾಕೆಟ್ ಮುಚ್ಚಿದೆ, ಹಳೆಯವುಗಳಲ್ಲಿ ಬಂದರೆ ಕೀಪ್-ಅಲೈವ್ ಕಿತ್ತಾಟ. ಎರರ್ ಸೊನ್ನೆಯಾಗಿದ್ದೂ ಲೇಟೆನ್ಸಿ ನಕ್ಷೆಯಲ್ಲಿ ಸರಿಯಾಗಿ 1 ಮತ್ತು 3 ಸೆಕೆಂಡಿನ ಬಳಿ ಗುಬುಟು ಕಂಡರೆ ಕ್ಯೂ ತುಂಬಿ ಎಸ್‌ವೈಎನ್ ಬಿದ್ದುಹೋಗಿವೆ. ‘ಎನ್‌ಸ್ಟ್ಯಾಟ್’ನಲ್ಲಿ ‘ಲಿಸನ್‌ಓವರ್‌ಫ್ಲೋಸ್’ ಏರಿದೆಯೇ ನೋಡಿ, ಬ್ಯಾಕ್‌ಲಾಗ್ ಮತ್ತು ಸೋಮ್ಯಾಕ್ಸ್‌ಕಾನ್ ಎರಡನ್ನೂ ಹೆಚ್ಚಿಸಿ. ಎರಡರಲ್ಲಿ ದೊಡ್ಡದನ್ನು ಮಾತ್ರ ಹೆಚ್ಚಿಸಿದರೆ ಏನೂ ಬದಲಾಗುವುದಿಲ್ಲ.